ಶೆಡ್ ಕಾಲಂಗಳ ಕವರ್ ಮತ್ತೆ ಬೀಳ್ತಿದೆ: ಪ್ಯಾಚ್ ಗಟ್ಟಿಯಾಗಿದೆ, ಅದರ ಮೇಲ್ಗಡೆ ಬಿರುಕು

ಕಡಲತೀರ ಸಿವಿಲ್

ಎಲ್ಲರಿಗೂ ನಮಸ್ಕಾರ. ಜಾಗ ಮಂಗಳೂರು ಕಡೆ, ಸಮುದ್ರದಿಂದ ಸುಮಾರು 2 ಕಿ.ಮೀ. ಒಳಗೆ. 22 ವರ್ಷದ ಆರ್‌ಸಿಸಿ ಶೆಡ್, ಮೇಲೆ ಒಂದು ಸ್ಲ್ಯಾಬ್, ಅದರ ಮೇಲೆ ನೀರಿನ ಟ್ಯಾಂಕ್‌ಗಳು. ಕಾಲಂ 300×450 ಮಿ.ಮೀ., ಎಂ20 ದರ್ಜೆಯ ಕಾಂಕ್ರೀಟ್, 16 ಮಿ.ಮೀ. ಕಂಬಿ, ಅವನ್ನು ಸುತ್ತಿ ಹಿಡಿಯುವ 8 ಮಿ.ಮೀ. ರಿಂಗ್. ಎ ಸಾಲಿನಲ್ಲಿ 8, ಬಿ ಸಾಲಿನಲ್ಲಿ 8 ಕಾಲಂ. ನೆಲದಿಂದ ಸುಮಾರು 1 ಮೀಟರ್‌ವರೆಗೆ ಬಿ3ರಿಂದ ಬಿ8ರವರೆಗಿನ ಕಾಲಂಗಳ ಕವರ್ (ಕಂಬಿಯ ಹೊರಗಿನ ಕಾಂಕ್ರೀಟ್ ಪದರ) ಕಿತ್ತು ಬಂದಿತ್ತು. ಎರಡು ವರ್ಷದ ಹಿಂದೆ ಸಡಿಲ ಕಾಂಕ್ರೀಟ್ ತೆಗೆದು, ಕಂಬಿಗೆ ವೈರ್ ಬ್ರಶ್ ಹೊಡೆದು, ತುಕ್ಕು ತೆಗೆಯುವ ದ್ರಾವಣ ಬಳಿದು, ಎಸ್‌ಬಿಆರ್ (ರಬ್ಬರ್ ಲ್ಯಾಟೆಕ್ಸ್) ಬೆರೆಸಿದ ಗಾರೆಯ ಪ್ಯಾಚ್ ಹಾಕಿದ್ದಾರೆ. ಆ ಪ್ಯಾಚ್ ಈಗಲೂ ಗಟ್ಟಿಯಾಗಿದೆ. ಆದರೆ ಪ್ಯಾಚ್‌ನ ಮೇಲ್ಗಡೆ 100ರಿಂದ 300 ಮಿ.ಮೀ. ಎತ್ತರದಲ್ಲಿ ಮೂಲೆ ಕಂಬಿಯ ಉದ್ದಕ್ಕೂ ಹೊಸ ಬಿರುಕು, ಕಂದು ನೀರು ಇಳಿದ ಕಲೆ.

ಏಪ್ರಿಲ್‌ನಲ್ಲಿ 10 ದಿನ ಶಟ್‌ಡೌನ್ ಸಿಗುತ್ತದೆ. ಯಾವ ಮೆಟೀರಿಯಲ್ ಹಾಕಿದರೆ ಮಳೆಗಾಲ ದಾಟಿ ನಿಲ್ಲುತ್ತದೆ? ಅದೇ ಶೆಡ್‌ನಲ್ಲಿ ಒಂದು ಪಂಪ್ ಫೌಂಡೇಶನ್ ಅದುರುತ್ತಿದೆ, ಒಂದು ಪಿಟ್ ಗೋಡೆ ಒಸರುತ್ತಿದೆ. ಅವನ್ನೂ ಇದರ ಜೊತೆಗೇ ಮುಗಿಸಬೇಕು.

ಟೆಸ್ಟ್ ಸುತ್ತಿಗೆ

ಮೆಟೀರಿಯಲ್ ಆಮೇಲೆ ಮಾತಾಡೋಣ ಸರ್. ನಿಮ್ಮ ಪೋಸ್ಟ್‌ನಲ್ಲಿ ಎರಡು ಸುಳಿವು ಇವೆ.

ಮೊದಲನೆಯದು, ಪ್ಯಾಚ್ ಗಟ್ಟಿಯಾಗಿದ್ದು ಪಕ್ಕ ಒಡೆಯುತ್ತಿರುವುದು. ಉಪ್ಪಿನ ಅಂಶ ಕಾಂಕ್ರೀಟ್‌ನಲ್ಲಿ ಉಳಿದಾಗ ಹೀಗೇ ಆಗುತ್ತದೆ. ಮೊದಲು ಹೆಚ್ಚು ತುಕ್ಕು ಹಿಡಿಯುತ್ತಿದ್ದ ಭಾಗ ಆನೋಡ್ ಆಗಿ ತಾನು ಸವೆಯುತ್ತ ಅಕ್ಕಪಕ್ಕದ ಕಂಬಿಯನ್ನು ಕಾಯುತ್ತಿರುತ್ತದೆ. ಆ ಭಾಗ ತೆಗೆದು ಹೊಸ ಕ್ಷಾರೀಯ ಗಾರೆ ತುಂಬಿದ ಕೂಡಲೇ ಅದು ಕ್ಯಾಥೋಡ್ (ಸವೆಯದ ತುದಿ) ಆಗುತ್ತದೆ. ಇಷ್ಟು ದಿನ ಕಾಪಾಡಿಸಿಕೊಂಡಿದ್ದ ಪಕ್ಕದ ಕಂಬಿ ಈಗ ಆನೋಡ್. ಪ್ಯಾಚ್ ಚೆನ್ನಾಗಿದ್ದಷ್ಟೂ ಪಕ್ಕದ್ದು ಬೇಗ ಹೋಗುತ್ತದೆ. ಗುತ್ತಿಗೆದಾರರು "ನಮ್ಮ ಪ್ಯಾಚ್ ನೋಡಿ, ಹಾಗೇ ಇದೆ" ಅನ್ನುವುದು ನಿಜವೇ, ಸಮಸ್ಯೆ ಅಲ್ಲೇ ಶುರುವಾಗಿದ್ದೂ ನಿಜ.

ಎರಡನೆಯದು, ಬಿ ಸಾಲು ಮಾತ್ರ ಯಾಕೆ? ಸಮುದ್ರ ಯಾವ ಕಡೆ ಇದೆ?

ಈ ನಾಲ್ಕು ಕೆಲಸ ಮಾಡಿಸಿ, ಯಾವುದಕ್ಕೂ ಶಟ್‌ಡೌನ್ ಬೇಡ.

1. ಕಾಲು ಕೆ.ಜಿ. ಸುತ್ತಿಗೆಯಿಂದ ಎಲ್ಲ 16 ಕಾಲಂ ತಟ್ಟಿ, ಡಬ್ ಡಬ್ ಅನ್ನುವ ಜಾಗಕ್ಕೆ ಸೀಮೆಸುಣ್ಣದ ಗೆರೆ ಹಾಕಿ, ನಕ್ಷೆಗೆ ಇಳಿಸಿ.

2. ಕವರ್ ಮೀಟರ್‌ನಿಂದ ನಿಜವಾದ ಕವರ್ ಎಷ್ಟು ಅಂತ ನೋಡಿ. ಐಎಸ್ 456 (ಕಾಂಕ್ರೀಟ್‌ನ ಭಾರತೀಯ ಮಾನದಂಡ) ಪ್ರಕಾರ ಕರಾವಳಿ ವಾತಾವರಣ "ಸಿವಿಯರ್" ವರ್ಗ, 45 ಮಿ.ಮೀ. ಇರಬೇಕು.

3. ಹೊಸದಾಗಿ ಒಡೆದ ಮುಖಕ್ಕೆ ಫಿನಾಲ್ಫ್ಥಲೀನ್ ಸಿಂಪಡಿಸಿ. 100 ಮಿ.ಲೀ. ಆಲ್ಕೋಹಾಲ್‌ಗೆ 1 ಗ್ರಾಂ ಸಾಕು, ಕಾರ್ಖಾನೆ ಲ್ಯಾಬ್‌ನಲ್ಲೇ ಸಿಗುತ್ತದೆ. ಗುಲಾಬಿ ಆದರೆ ಕ್ಷಾರ ಉಳಿದಿದೆ, ಬಣ್ಣ ಬಾರದಿದ್ದರೆ ಕಾರ್ಬೊನೇಶನ್, ಅಂದರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಕ್ಷಾರವನ್ನು ತಿಂದಿದೆ. ಹಳೇ ಮುಖಕ್ಕೆ ಅಥವಾ ಡ್ರಿಲ್ ಧೂಳು ಮೆತ್ತಿದ ಮುಖಕ್ಕೆ ಹೊಡೆದರೆ ತಪ್ಪು ಉತ್ತರ ಬರುತ್ತದೆ.

4. ಕ್ಲೋರೈಡ್ ಪ್ರೊಫೈಲ್, ಅಂದರೆ ಯಾವ ಆಳದಲ್ಲಿ ಎಷ್ಟು ಉಪ್ಪು ಅಂತ. ಇದೇ ಮುಖ್ಯ. 20 ಮಿ.ಮೀ. ಡ್ರಿಲ್ ಬಿಟ್‌ನಿಂದ 0–15, 15–30, 30–45, 45–60 ಮಿ.ಮೀ. ಆಳದ ಪುಡಿಯನ್ನು ಬೇರೆಬೇರೆ ಪೊಟ್ಟಣದಲ್ಲಿ ಹಿಡಿಯಿರಿ. ಪ್ರತಿ ಮಟ್ಟಕ್ಕೆ ಮೂರು ತೂತಿನ ಪುಡಿ ಸೇರಿಸಿ 25 ಗ್ರಾಂನಷ್ಟು ಬೇಕು. ಆಸಿಡ್‌ನಲ್ಲಿ ಕರಗುವ ಕ್ಲೋರೈಡ್ ಕೇಳಿ, ಐಎಸ್ 14959 ಭಾಗ 2. ಹೊರಗಡೆ ಹೆಚ್ಚಿದ್ದು ಒಳಗೆ ಹೋದಂತೆ ಕಡಿಮೆಯಾದರೆ ಉಪ್ಪು ಹೊರಗಿಂದ ಬಂದದ್ದು. ಎಲ್ಲ ಆಳದಲ್ಲೂ ಒಂದೇ ಸಮ ಇದ್ದರೆ ಕಟ್ಟುವಾಗಲೇ ಮರಳಿನಲ್ಲೋ ನೀರಿನಲ್ಲೋ ಬಂದದ್ದು. ಎರಡಕ್ಕೂ ಮದ್ದು ಬೇರೆ.

ಗೋಣಿಚೀಲ

ಹಾಫ್ ಸೆಲ್ (ಕಂಬಿಯ ವೋಲ್ಟೇಜ್ ಅಳೆಯುವ ಪರೀಕ್ಷೆ) ಕೂಡ ಮಾಡಿಸಬಹುದಲ್ಲ? ಕಾಪರ್ ಸಲ್ಫೇಟ್ ಎಲೆಕ್ಟ್ರೋಡ್‌ಗೆ ಮೈನಸ್ 350 ಮಿಲಿವೋಲ್ಟ್‌ಗಿಂತ ಕೆಳಗೆ ಇದ್ದರೆ ತುಕ್ಕು ನಡೆಯುತ್ತಿದೆ ಅಂತ.

ಟೆಸ್ಟ್ ಸುತ್ತಿಗೆ

ಮಾಡಿಸಿ, ಆದರೆ ಒಂದು ಅಂಕಿ ನೋಡಿ ತೀರ್ಮಾನ ಬೇಡ. ಎಎಸ್‌ಟಿಎಂ ಸಿ876 (ಈ ಪರೀಕ್ಷೆಯ ಅಮೆರಿಕನ್ ಮಾನದಂಡ) ಪ್ರಕಾರ ಮೈನಸ್ 350ಕ್ಕಿಂತ ಕೆಳಗಿದ್ದರೆ ತುಕ್ಕಿನ ಸಂಭವ 90 ಶೇಕಡಾ ಮೀರುತ್ತದೆ, ಮೈನಸ್ 200ಕ್ಕಿಂತ ಮೇಲಿದ್ದರೆ 90 ಶೇಕಡಾ ಮೀರಿ ತುಕ್ಕು ಇಲ್ಲ, ನಡುವಿನದ್ದು ಹೇಳಲಾಗದು. ನೀರಿನಲ್ಲಿ ನೆನೆದು ಆಮ್ಲಜನಕ ಸಿಗದ ಕಾಂಕ್ರೀಟ್ ತುಕ್ಕೇ ಇಲ್ಲದೆ ಬಹಳ ಕೆಳಗಿನ ಅಂಕಿ ತೋರಿಸುತ್ತದೆ. ಪೇಂಟ್ ಮೇಲೆ ಇಟ್ಟರೆ ಅಂಕಿಗೆ ಅರ್ಥವೇ ಇಲ್ಲ. ಒಂದೇ ಕಾಲಂನಲ್ಲಿ ಕೆಳಗಿಂದ ಮೇಲಕ್ಕೆ ಅಂಕಿ ಹೇಗೆ ಬದಲಾಗುತ್ತದೆ ಅನ್ನುವುದನ್ನು ನೋಡಬೇಕು.

ಕಡಲತೀರ ಸಿವಿಲ್

ಸಮುದ್ರ ಎ ಸಾಲಿನ ಕಡೆಗಿದೆ. ಅದೇ ನನಗೂ ಆಶ್ಚರ್ಯ, ಗಾಳಿ ಹೊಡೆಯುವ ಸಾಲು ಚೆನ್ನಾಗಿದೆ.

ರಿಸಲ್ಟ್ ಬಂತು. ಕವರ್ 22ರಿಂದ 28 ಮಿ.ಮೀ. ಕಾರ್ಬೊನೇಶನ್ 10ರಿಂದ 12 ಮಿ.ಮೀ. ಬಿ5 ಕಾಲಂ, 0.9 ಮೀ. ಎತ್ತರದಲ್ಲಿ ಕ್ಲೋರೈಡ್, ಪ್ರತಿ ಘನ ಮೀಟರ್‌ಗೆ ಕೆ.ಜಿ. ಲೆಕ್ಕದಲ್ಲಿ, ಹೊರಗಿನಿಂದ ಒಳಕ್ಕೆ: 2.9, 1.7, 0.9, 0.3. ಕಂಬಿಯ ಆಳದಲ್ಲೇ ಎತ್ತರ ಬದಲಿಸಿ ತೆಗೆದದ್ದು: 0.3 ಮೀ.ಗೆ 1.9, 0.9 ಮೀ.ಗೆ 1.7, 1.5 ಮೀ.ಗೆ 0.8, 2.1 ಮೀ.ಗೆ 0.3. ಎ5ರಲ್ಲಿ ಕಂಬಿಯ ಆಳದಲ್ಲಿ 0.4.

ಟೆಸ್ಟ್ ಸುತ್ತಿಗೆ

ಕಾರ್ಬೊನೇಶನ್ ಕಂಬಿ ತಲುಪಿಲ್ಲ, ಅದನ್ನು ಬಿಡಿ. ಉಪ್ಪು ಹೊರಗಿನದ್ದು, ಅದೂ ನೆಲದಿಂದ ಮೇಲೇರಿದ್ದು. ಕಾಂಕ್ರೀಟ್ ಬುಡದ ಒದ್ದೆಯನ್ನು ಬತ್ತಿಯಂತೆ ಎಳೆದುಕೊಳ್ಳುತ್ತದೆ, ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಬಿ3ರಿಂದ ಬಿ8ರ ಪಕ್ಕ ಏನು ಹರಿಯುತ್ತದೆ?

ಕಡಲತೀರ ಸಿವಿಲ್

ಬಿ2 ಹತ್ತಿರ ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಇದೆ. ಅದರ ಡ್ರೈನ್ ಬಿ ಸಾಲಿನ ಉದ್ದಕ್ಕೂ ಬಿ8ರ ತನಕ ಹೋಗಿ ಹೊರಗೆ ಬೀಳುತ್ತದೆ. ಕಾಂಕ್ರೀಟ್ ಚರಂಡಿ, ಕಾಲಂನಿಂದ 150 ಮಿ.ಮೀ. ದೂರ. ಜಾಯಿಂಟ್‌ಗಳೆಲ್ಲ ಬಾಯಿ ಬಿಟ್ಟಿವೆ.

ಟೆಸ್ಟ್ ಸುತ್ತಿಗೆ

ಸಿಕ್ಕಿತಲ್ಲ. ಸಾಫ್ಟ್‌ನರ್ ರೀಜನರೇಶನ್ (ಅದರ ರಾಳವನ್ನು ಉಪ್ಪು ನೀರಿನಿಂದ ತೊಳೆದು ಮತ್ತೆ ಸಜ್ಜು ಮಾಡುವುದು) ಅಂದರೆ ಸುಮಾರು 10 ಶೇಕಡಾ ಉಪ್ಪು ನೀರು. ಸಮುದ್ರದ ನೀರಲ್ಲಿ ಇರುವುದೇ 3.5 ಶೇಕಡಾ. ಅರಬ್ಬೀ ಸಮುದ್ರವನ್ನು ಬೈದು ಪ್ರಯೋಜನ ಇಲ್ಲ ಮಾರಾಯ್ರೆ, ಅದಕ್ಕಿಂತ ಉಪ್ಪಾದ ನೀರು ನಿಮ್ಮ ಚರಂಡಿಯಲ್ಲೇ ಇದೆ.

ಚರಂಡಿ ಸರಿಮಾಡದೆ ಕಾಲಂ ಮುಟ್ಟಬೇಡಿ. ಬ್ರೈನ್ (ಉಪ್ಪು ನೀರು) ಲೈನನ್ನು ಚರಂಡಿಗೆ ಬಿಡದೆ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪ್‌ನಲ್ಲಿ, ವೆಲ್ಡ್ ಜಾಯಿಂಟ್ ಮಾಡಿ, ಸೀದಾ ಹೊರಗಿನ ಸಂಪ್‌ಗೆ ಒಯ್ಯಿರಿ. ಚರಂಡಿ ನೆಲ ತೊಳೆದ ನೀರಿಗೆ ಮಾತ್ರ ಇರಲಿ.

ಸ್ಟ್ರಕ್ಚರಲ್ ಲೆಕ್ಕ

ಈಗ ಕಾಲಂಗೆ ಬರೋಣ. ಒಡೆಯುವ ಮೊದಲು ಈ ಲೆಕ್ಕ ನೋಡಿ. ಕವರ್ 25, ರಿಂಗ್ 8, ಕಂಬಿ 16, ಕಂಬಿಯ ಹಿಂದೆ ಬೆರಳು ಹೋಗುವಷ್ಟು 20 ಮಿ.ಮೀ. ಒಟ್ಟು 70 ಮಿ.ಮೀ. ಆಳ ಒಡೆಯಬೇಕು. ನಾಲ್ಕೂ ಮುಖ ಒಟ್ಟಿಗೆ ಒಡೆದರೆ ಉಳಿಯುವ ತಿರುಳು 160×310. ಅಂದರೆ ಮೂಲ ಅಡ್ಡಳತೆಯ 37 ಶೇಕಡಾ. ಅದೂ ರಿಂಗ್ ಇಲ್ಲದೆ, ಕಂಬಿ ಬೆತ್ತಲಾಗಿ ನಿಂತಿರುವಾಗ. ಮೇಲೆ ನೀರಿನ ಟ್ಯಾಂಕ್ ಬೇರೆ. ಇದನ್ನು ಆಸರೆ ಇಲ್ಲದೆ ಮಾಡುವುದು ಆತ್ಮಹತ್ಯೆ.

ಆಸರೆ ಅಂದರೆ ಸೆಂಟ್ರಿಂಗ್‌ನ ಜಾಕಿ ಪೈಪ್ ಅಲ್ಲ. ಅದು ಹೊರುವುದು ಒಂದಕ್ಕೆ 2–3 ಟನ್, ಉದ್ದ ಎಳೆದಷ್ಟೂ ಇನ್ನೂ ಕಡಿಮೆ. ಕಾಲಂ ಭಾರ ಡಿಸೈನರ್‌ನಿಂದ ಬರೆಸಿಕೊಳ್ಳಿ. ಐಎಸ್‌ಎಂಬಿ (ಐ ಆಕಾರದ ಉಕ್ಕಿನ) ತೊಲೆಯ ಟ್ರೆಸಲ್ (ಭಾರ ಹೊರುವ ಚೌಕಟ್ಟು) ಎರಡು ಬದಿ, ಮೇಲಿನ ಬೀಮ್ ಅಡಿಗೆ (ಸ್ಲ್ಯಾಬ್ ಅಡಿಗೆ ಅಲ್ಲ), ಕೆಳಗೆ ಭಾರ ಹರಡುವ ಪ್ಲೇಟ್. ಹೈಡ್ರಾಲಿಕ್ ಜಾಕಿಯಿಂದ ಭಾರ ತೆಗೆದುಕೊಂಡು ಲಾಕ್ ನಟ್ ಬಿಗಿಯಬೇಕು, ಎಣ್ಣೆಯ ಒತ್ತಡದ ಮೇಲೆ ಬಿಟ್ಟು ಹೋಗುವಂತಿಲ್ಲ. ಮೇಲಿನ ಟ್ಯಾಂಕ್ ಖಾಲಿ ಮಾಡಿ. ಬೀಮ್‌ಗೆ ಡಯಲ್ ಗೇಜ್ ಇಟ್ಟು, ಮೇಲೆದ್ದರೆ ಅಲ್ಲಿಗೇ ನಿಲ್ಲಿಸಿ.

ಜಾಕಿ ಹಾಕಿ ಭಾರ ಇಳಿಸದೆ ಹೊಸ ಕಾಂಕ್ರೀಟ್ ಸುರಿದರೆ ಅದು ಹಳೇ ಭಾರವನ್ನು ಹೊರುವುದೇ ಇಲ್ಲ. ಮುಂದೆ ಬರುವ ಭಾರಕ್ಕೆ ಮಾತ್ರ ಹೆಗಲು ಕೊಡುತ್ತದೆ. ತುಂಬಾ ಜನ ಇದನ್ನು ಮರೆತು "ಕಾಲಂ ದಪ್ಪ ಮಾಡಿದೆವು, ಗಟ್ಟಿಯಾಯಿತು" ಅಂದುಕೊಳ್ಳುತ್ತಾರೆ.

10 ದಿನದಲ್ಲಿ ಆರೂ ಆಗದು. ಪಕ್ಕಪಕ್ಕದ ಕಾಲಂ ಒಟ್ಟಿಗೆ ಒಡೆಯುವ ಹಾಗಿಲ್ಲ. ಶಟ್‌ಡೌನ್‌ಗೆ ಮುಂಚೆ ಟ್ರೆಸಲ್ ನಿಲ್ಲಿಸಿ, ಶಟ್‌ಡೌನ್‌ನಲ್ಲಿ ಬಿ3, ಬಿ5, ಬಿ7 ಮುಗಿಸಿ. ಉಳಿದ ಮೂರು ಮೇ ತಿಂಗಳಲ್ಲಿ.

ಗೋಣಿಚೀಲ

ಒಂದೊಂದೇ ಮುಖ ಒಡೆದು ಒಂದೊಂದೇ ಮುಖ ತುಂಬಿದರೆ? 300ರ ಮುಖ ಒಡೆದರೆ 16 ಶೇಕಡಾ, 450ರ ಮುಖ ಒಡೆದರೆ 23 ಶೇಕಡಾ ಮಾತ್ರ ಹೋಗುತ್ತದೆ. ಟ್ರೆಸಲ್ ಖರ್ಚು ಉಳಿಯುತ್ತದೆ.

ಸ್ಟ್ರಕ್ಚರಲ್ ಲೆಕ್ಕ

ಭಾರ ಕಡಿಮೆ ಇರುವ ಕಾಲಂಗೆ, ಲೆಕ್ಕ ಹಾಕಿದ ಮೇಲೆ, ಮಾಡುತ್ತಾರೆ. ಇಲ್ಲಿ ಬೇಡ. ಮೂಲೆ ಕಂಬಿ ಎರಡು ಮುಖಕ್ಕೆ ಸೇರಿದ್ದು. ಮೊದಲ ಮುಖದ ಜಾಯಿಂಟ್ ಸರಿಯಾಗಿ ಮೂಲೆ ಕಂಬಿಯ ಮೇಲೆಯೇ ಬೀಳುತ್ತದೆ, ಎರಡನೇ ಮುಖದ ಚಿಪ್ಪಿಂಗ್ ಮೊದಲ ಮುಖವನ್ನು ಅದುರಿಸುತ್ತದೆ. ರಿಂಗ್ ಬದಲಿಸಲೂ ಆಗುವುದಿಲ್ಲ.

ಕರಣೆ

ಒಡೆಯುವ ಕ್ರಮ ನಾನು ಹೇಳ್ತೀನಿ.

ಎತ್ತರ 1.5 ಮೀ. ತನಕ. ಅಲ್ಲಿ ಕ್ಲೋರೈಡ್ 0.8ಕ್ಕೆ ಇಳಿದಿದೆ. ಕೆಳಗಡೆ ನೆಲದ ಮಟ್ಟಕ್ಕೆ ನಿಲ್ಲಿಸಬೇಡಿ, ಎಲ್ಲರೂ ಮಾಡೋ ತಪ್ಪು ಇದೇ. ಸುತ್ತ ಫ್ಲೋರ್ ಕತ್ತರಿಸಿ ಕನಿಷ್ಠ 300 ಮಿ.ಮೀ. ಕೆಳಗೆ ಹೋಗಿ. ಮೊದಲು ಒಂದು ಕಾಲಂ ಬುಡ ಅಗೆದು ಪೆಡೆಸ್ಟಲ್ (ನೆಲದಡಿ ಕಾಲಂ ಬುಡದ ಕಟ್ಟೆ) ಹೇಗಿದೆ ನೋಡಿ, ಅಲ್ಲೂ ಕಂಬಿ ಹೋಗಿದ್ರೆ ಇನ್ನೂ ಇಳೀಬೇಕು.

ಮೇಲಿನ ಅಂಚಿಗೆ ಗ್ರೈಂಡರ್‌ನಿಂದ 10 ಮಿ.ಮೀ. ಆಳದ ನೇರ ಗೆರೆ ಹೊಡೀರಿ. ಕವರ್ 22 ಇರೋ ಕಡೆ ಬ್ಲೇಡ್ ಆಳಕ್ಕೆ ಹೋದ್ರೆ ರಿಂಗ್ ಕತ್ತರಿಸಿ ಹೋಗುತ್ತೆ. ಅಂಚು ಸೊನ್ನೆಗೆ ಸವರಿ ಬಿಟ್ಟ ಗಾರೆ ಮೊದಲ ಬೇಸಿಗೇಲೇ ಎದ್ದು ಬರುತ್ತೆ. 5–6 ಕೆ.ಜಿ. ಎಲೆಕ್ಟ್ರಿಕ್ ಬ್ರೇಕರ್ ಸಾಕು. ನೆಲ ಒಡೆಯೋ ದೊಡ್ಡ ಬ್ರೇಕರ್ ತಂದ್ರೆ ಉಳಿಯೋ ಕಾಂಕ್ರೀಟ್‌ನಲ್ಲೂ ಕೂದಲು ಬಿರುಕು ಬಿದ್ದು, ಹೊಸದು ಅಂಟಿದ್ರೂ ಆ ಸಡಿಲ ಪದರದ ಸಮೇತ ಬಿಟ್ಟುಕೊಳ್ಳುತ್ತೆ. ಬ್ರೇಕರ್ ಆದ ಮೇಲೆ ಉಳಿ ಸುತ್ತಿಗೆಯಿಂದ ಮುಖ ಪೂರ್ತಿ ಒಂದ್ಸಲ ತಟ್ಟಿ ಬನ್ನಿ.

ಕಂಬಿ ಕ್ಲೀನಿಂಗ್: ವೈರ್ ಬ್ರಶ್ ಮೇಲ್ಮೈ ಹೊಳೆಯೋ ಹಾಗೆ ಮಾಡುತ್ತೆ, ಗುಳಿಯೊಳಗಿನ ಉಪ್ಪು ಅಲ್ಲೇ ಉಳಿಯುತ್ತೆ. ಹೈ ಪ್ರೆಶರ್ ಸಿಹಿ ನೀರಲ್ಲಿ ತೊಳೆದು, ಒಣಗಿದ ಮೇಲೆ ಗ್ರಿಟ್ ಬ್ಲಾಸ್ಟಿಂಗ್, ಕಂಬಿಯ ಹಿಂಭಾಗ ಸೇರಿಸಿ. ಮಾರನೇ ದಿನ ಬೆಳಿಗ್ಗೆ ಕಪ್ಪು ಚುಕ್ಕೆಗಳು ಒಸರಿದ್ರೆ ಗುಳಿಯಲ್ಲಿ ಉಪ್ಪಿದೆ ಅಂತ ಅರ್ಥ, ಮತ್ತೆ ತೊಳೀರಿ. ಆ ತುಕ್ಕು ತೆಗೆಯೋ ದ್ರಾವಣ ಆಸಿಡ್, ಅದು ಬೇಡವೇ ಬೇಡ. ಸಂದುಗೊಂದಿಯಲ್ಲಿ ಉಳಿದು ಹೊಸ ಗಾರೆಯ ಕ್ಷಾರ ತಿನ್ನುತ್ತೆ.

ಸ್ಟ್ರಕ್ಚರಲ್ ಲೆಕ್ಕ

ಕ್ಲೀನ್ ಆದ ಕಂಬಿಯನ್ನು ವರ್ನಿಯರ್‌ನಿಂದ ಅಳೆಯಿರಿ. 16 ಇದ್ದದ್ದು 15 ಆಗಿದ್ದರೆ 12 ಶೇಕಡಾ ವಿಸ್ತೀರ್ಣ ಹೋಯಿತು. 14 ಆಗಿದ್ದರೆ 23 ಶೇಕಡಾ, ಅಂಥದ್ದಕ್ಕೆ ಜೊತೆ ಕಂಬಿ ಬೇಕು. ಎಂ20 ಕಾಂಕ್ರೀಟ್, ಎಫ್‌ಇ415 ದರ್ಜೆಯ ಉಕ್ಕಿಗೆ ಒತ್ತಡದ ಕಂಬಿಯ ಲ್ಯಾಪ್ (ಹಳೇ ಕಂಬಿಯ ಜೊತೆ ಅಕ್ಕಪಕ್ಕ ಸಾಗುವ ಉದ್ದ) ಸುಮಾರು 38 ಪಟ್ಟು ವ್ಯಾಸ, ಅಂದರೆ 16ಕ್ಕೆ 600 ಮಿ.ಮೀ. ಅದು ಸವೆದ ಭಾಗ ದಾಟಿದ ಮೇಲೆ, ಎರಡೂ ಕಡೆ. ಬುಡದಲ್ಲಿ ಅಷ್ಟು ಉದ್ದ ಸಿಗದಿದ್ದರೆ ಪೆಡೆಸ್ಟಲ್‌ಗೆ 20 ಮಿ.ಮೀ. ತೂತು ಕೊರೆದು ಕೆಮಿಕಲ್ ಆಂಕರ್, ಅಂದರೆ ರಾಳದಿಂದ ಕಂಬಿ ಅಂಟಿಸುವುದು. ಆಳ ಡಿಸೈನರ್ ಹೇಳಿದಷ್ಟು. ತೂತಿನ ಧೂಳು ಊದಿ, ಬ್ರಶ್ ಹೊಡೆದು, ಮತ್ತೆ ಊದಬೇಕು. ಬ್ರಶ್ ಬಿಟ್ಟರೆ ರಾಳ ಧೂಳಿಗೆ ಅಂಟುತ್ತದೆ, ಕಾಂಕ್ರೀಟ್‌ಗಲ್ಲ. ತಳದಿಂದ ಮೂರನೇ ಎರಡು ಭಾಗ ತುಂಬಿ, ಕಂಬಿ ತಿರುಗಿಸುತ್ತ ಇಳಿಸಿ.

ರಿಂಗ್‌ಗಳು ಪೂರ್ತಿ ಹೋಗಿರುತ್ತವೆ. 8 ಮಿ.ಮೀ. ಕಂಬಿಯ ಎರಡು ಯು ತುಂಡು, 135 ಡಿಗ್ರಿ ಕೊಕ್ಕೆ, 150 ಮಿ.ಮೀ. ಅಂತರ.

ಕರಣೆ

ಆಯ್ತು, ಪ್ರಮಾಣ. ಕವರ್ 50ಕ್ಕೆ ಏರಿಸೋಣ, ಅಂದ್ರೆ ಪ್ರತಿ ಬದಿ 25 ಮಿ.ಮೀ. ಹೊರಗೆ ಬರುತ್ತೆ, ಕಾಲಂ 350×500 ಆಗುತ್ತೆ. ಒಂದು ಮೀಟರ್ ಎತ್ತರಕ್ಕೆ 0.175ರಲ್ಲಿ ತಿರುಳಿನ 0.05 ಕಳೆದ್ರೆ 0.125 ಘನ ಮೀ. ನೆಲದ ಕೆಳಗಿನದ್ದೂ ಸೇರಿ 1.8 ಮೀ.ಗೆ 225 ಲೀಟರ್.

ಇಷ್ಟು ದಪ್ಪಕ್ಕೆ ಕೈಯಲ್ಲಿ ಮೆತ್ತೋ ಗಾರೆ ಬೇಡ, ಕಂಬಿ ಹಿಂದೆ ಟೊಳ್ಳು ಉಳಿಯೋದು ಖಂಡಿತ. ಮೈಕ್ರೋ ಕಾಂಕ್ರೀಟ್ (ತಾನಾಗೇ ಹರಿಯೋ ಚೀಲದ ರೆಡಿ ಮಿಶ್ರಣ) ಸುರೀಬೇಕು. 25 ಕೆ.ಜಿ. ಚೀಲಕ್ಕೆ ಸುಮಾರು 3.5 ಲೀ. ನೀರು (ಚೀಲದ ಮೇಲೆ ಬರೆದದ್ದೇ ಅಂತಿಮ), ಜೊತೆಗೆ ತೊಳೆದು ಒಣಗಿಸಿದ 6–10 ಮಿ.ಮೀ. ಬೇಬಿ ಜಲ್ಲಿ 12.5 ಕೆ.ಜಿ. ಒಂದು ಚೀಲಕ್ಕೆ ಸುಮಾರು 17 ಲೀಟರ್ ಸಿಗುತ್ತೆ. ಲೆಕ್ಕಕ್ಕೆ 13 ಚೀಲ, ವೇಸ್ಟೇಜ್ ಸೇರಿ ಕಾಲಂಗೆ 15 ತರಿಸಿ. ಆರಕ್ಕೆ 90 ಚೀಲ, ಜಲ್ಲಿ ಸುಮಾರು 1,125 ಕೆ.ಜಿ. ಒಂದೇ ಬ್ಯಾಚ್ ನಂಬರ್ ಕೇಳಿ, ತಾರೀಖು ನೋಡಿ. ಕರಾವಳಿಯಲ್ಲಿ ಗೋಡೌನ್ ನೆಲದ ಮೇಲೆ ಇಟ್ಟ ಚೀಲ ತಿಂಗಳಲ್ಲಿ ಉಂಡೆ ಕಟ್ಟುತ್ತೆ.

ಶಟರಿಂಗ್ ನೀರು ಸೋರದ ಹಾಗಿರಬೇಕು, ಕೆಳ ಅಂಚಿಗೆ ಫೋಮ್ ಪಟ್ಟಿ. ಸೋರಿದ್ರೆ ಸಿಮೆಂಟ್ ಹಾಲು ಹೋಗಿ ಜಲ್ಲಿ ಉಳಿಯುತ್ತೆ. ಸುರಿಯೋ ಹಿಂದಿನ ದಿನ ಹಳೇ ಕಾಂಕ್ರೀಟನ್ನು ರಾತ್ರಿಯಿಡೀ ನೆನೆಸಿ, ಸುರಿಯೋ ಮುಂಚೆ ನಿಂತ ನೀರು ತೆಗೆದುಬಿಡಿ. ಮೇಲ್ಮೈ ಒದ್ದೆ ಬಣ್ಣ ಇರಬೇಕು, ಹೊಳೀಬಾರದು. 0.9 ಮೀ. ನಂತೆ ಎರಡು ಲಿಫ್ಟ್ (ಸುರಿಯೋ ಹಂತ). ಮೇಲಿನ ಲಿಫ್ಟ್‌ಗೆ ಒಂದು ಬದಿಯಲ್ಲಿ ಹಕ್ಕಿ ಕೊಕ್ಕಿನ ಹಾಗೆ ಹೊರಚಾಚಿದ ಬಾಯಿ ಮಾಡಿ, ಕಾಂಕ್ರೀಟ್ ಮಟ್ಟ ಹಳೇ ಅಂಚಿಗಿಂತ 100 ಮಿ.ಮೀ. ಮೇಲೆ ನಿಲ್ಲೋ ಹಾಗೆ. ಇಲ್ಲಾಂದ್ರೆ ಗಾಳಿ ಸಿಕ್ಕಿ ಹೊಸದರ ತಲೆಗೂ ಹಳೇದರ ಬುಡಕ್ಕೂ ಮಧ್ಯೆ ಬೆರಳಿನಷ್ಟು ಸಂದಿ ಉಳಿಯುತ್ತೆ, ಭಾರ ದಾಟಬೇಕಾದ ಜಾಗವೇ ಅದು. ಒಂದೇ ಬದಿಯಿಂದ ಸುರೀರಿ, ಎದುರು ಬದಿಯಿಂದ ಏರಿ ಬರಲಿ. ನೀಡಲ್ ವೈಬ್ರೇಟರ್ ಹಾಕ್ಬೇಡಿ, ಶಟರ್ ತಟ್ಟಿದ್ರೆ ಸಾಕು. ಹೆಚ್ಚಿನ ಕೊಕ್ಕನ್ನು ಮಾರನೇ ದಿನ ಕಡಿದು ಹಾಕಿ.

ಗೋಣಿಚೀಲ

ಕ್ಯೂರಿಂಗ್ ನೀರಿನ ಬಗ್ಗೆ ಯಾರೂ ಮಾತಾಡಿಲ್ಲ, ಆದ್ದರಿಂದ ನಾನು. ಆರ್‌ಸಿಸಿಗೆ ಬಳಸುವ ನೀರಲ್ಲಿ ಕ್ಲೋರೈಡ್ ಲೀಟರ್‌ಗೆ 500 ಮಿ.ಗ್ರಾಂ. ಮೀರಬಾರದು ಅಂತ ಐಎಸ್ 456. ಕಡಲಂಚಿನ ಬೋರ್‌ವೆಲ್ ಏಪ್ರಿಲ್‌ನಲ್ಲಿ ಅದನ್ನು ದಾಟುವುದು ಮಾಮೂಲು. ಇಟಿಪಿಯ (ಕಾರ್ಖಾನೆ ತ್ಯಾಜ್ಯ ನೀರಿನ ಘಟಕದ) ಶುದ್ಧೀಕರಿಸಿದ ನೀರು ಸಹ ಬೇಡ. ಸಾವಯವ ಕಸ ಹೋಗಿರುತ್ತದೆ, ಉಪ್ಪು ಹಾಗೇ ಇರುತ್ತದೆ. ಕಾಲಂಗೆ ಮಿಶ್ರಣಕ್ಕೆ 50 ಲೀಟರ್ ಆಸುಪಾಸು ಬೇಕು, ಕ್ಯೂರಿಂಗ್‌ಗೆ 7 ದಿನ. ಪುರಸಭೆ ನೀರಿನ ಟ್ಯಾಂಕರ್ ತರಿಸಿ. ಶಟರ್ 24 ಗಂಟೆಗೆ ಮೊದಲು ಬಿಚ್ಚಬೇಡಿ, ಬಿಚ್ಚಿದ ಕೂಡಲೇ ಒದ್ದೆ ಗೋಣಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ. ಗೋಣಿ ಒಂದೇ ಸುತ್ತಿದರೆ ಕಡಲ ಗಾಳಿಗೆ ಮಧ್ಯಾಹ್ನದೊಳಗೆ ಒಣಗಿ, ಕಾಂಕ್ರೀಟ್‌ನ ನೀರನ್ನೇ ಹೀರುತ್ತದೆ.

ಕಡಲತೀರ ಸಿವಿಲ್

ಬಹಳ ಉಪಕಾರ. ಒಬ್ಬ ಸಪ್ಲೈಯರ್ ಕಂಬಿಗೆ ಎಪಾಕ್ಸಿ ಜಿಂಕ್ ಪ್ರೈಮರ್ ಹೊಡೆದರೆ ಸಾಕು, ಬೇರೇನೂ ಬೇಡ ಅಂತಾನೆ. ಇನ್ನೊಬ್ಬ ಕಂಬಿಯ ಬದಲು ತಾನು ಸವೆಯುವ ಸತುವಿನ ಆನೋಡ್ ಕಟ್ಟಬೇಕು ಅಂತಾನೆ. ಯಾವುದು?

ಟೆಸ್ಟ್ ಸುತ್ತಿಗೆ

ಪ್ರೈಮರ್ ಪ್ಯಾಚ್ ಒಳಗಿನ ಕಂಬಿಗೆ. ನಿಮ್ಮ ತೊಂದರೆ ಇರುವುದು ಪ್ಯಾಚ್‌ನ ಹೊರಗಿನ ಕಂಬಿಗೆ, ಅದನ್ನು ಪ್ರೈಮರ್ ಮುಟ್ಟುವುದೇ ಇಲ್ಲ. 1.5 ಮೀ. ಅಂಚಿನ ಮೇಲ್ಗಡೆ ಇನ್ನೂ 0.8 ಕ್ಲೋರೈಡ್ ಇದೆ. ಘನ ಮೀಟರ್‌ಗೆ 350 ಕೆ.ಜಿ. ಸಿಮೆಂಟ್ ಅಂತ ಹಿಡಿದರೆ ಸಿಮೆಂಟ್ ತೂಕದ 0.23 ಶೇಕಡಾ, ತುಕ್ಕು ಶುರುವಾಗುವ ಗಡಿ ಅಂತ ಸಾಮಾನ್ಯವಾಗಿ ಹಿಡಿಯುವುದು 0.4. ಗಡಿಯ ಕೆಳಗಿದೆ, ಆದರೆ ಕೆಳಗಿನ ಹೊಸ ಕಾಂಕ್ರೀಟ್ ಎಳೆಯುವಾಗ ಅದು ನೆಮ್ಮದಿಯ ಅಂಕಿಯಲ್ಲ. ಆದ್ದರಿಂದ ಮೇಲಿನ ಅಂಚಿನಲ್ಲಿ ಮಾತ್ರ ಆನೋಡ್, ಸುತ್ತಲೂ 400 ಮಿ.ಮೀ.ಗೆ ಒಂದರಂತೆ. ಕಾಲಂಗೆ 4 ಸಾಕು.

ಕಟ್ಟುವಾಗ ಮೂರು ವಿಷಯ. ಆನೋಡ್ ತಂತಿಗೂ ಕಂಬಿಗೂ ಮಧ್ಯೆ ಮಲ್ಟಿಮೀಟರ್‌ನಲ್ಲಿ 1 ಓಮ್‌ಗಿಂತ ಕಡಿಮೆ ಬರಬೇಕು. ಕಂಬಿಗಳ ನಡುವೆಯೂ ಅಷ್ಟೇ, ಬರದಿದ್ದರೆ ಬೈಂಡಿಂಗ್ ವೈರ್ ಬಿಗಿಸಿ. ಆನೋಡ್ ಹಳೇ ಕಾಂಕ್ರೀಟ್‌ನ ಅಂಚಿಗೆ ಆದಷ್ಟು ಹತ್ತಿರ ಇರಲಿ. ತುಂಬುವ ಮೈಕ್ರೋ ಕಾಂಕ್ರೀಟ್‌ನ ರೆಸಿಸ್ಟಿವಿಟಿ (ಕರೆಂಟ್ ತಡೆಯುವ ಗುಣ) 15,000 ಓಮ್ ಸೆಂ.ಮೀ. ಮೀರಿದರೆ ಕರೆಂಟ್ ದಾಟದು; ಸಿಲಿಕಾ ಫ್ಯೂಮ್, ಪಾಲಿಮರ್ ಹೆಚ್ಚಿರುವ ಚೀಲಗಳು ಹಾಗಿರುತ್ತವೆ. ಸಪ್ಲೈಯರ್‌ನಿಂದ ಅಂಕಿ ಬರೆಸಿಕೊಳ್ಳಿ. ಹೆಚ್ಚಿದ್ದರೆ ಆನೋಡ್ ಮತ್ತು ಹಳೇ ಕಾಂಕ್ರೀಟ್ ನಡುವೆ ಕಡಿಮೆ ರೆಸಿಸ್ಟಿವಿಟಿಯ ಗಾರೆ ಮೆತ್ತಿ ಸೇತುವೆ ಮಾಡಿ.

ಕರಣೆ

ನನಗೆ ಕಂಬಿಗೆ ಎಪಾಕ್ಸಿ ಹೊಡೆಯೋದೇ ಇಷ್ಟ ಇಲ್ಲ. ಹಿಂಭಾಗಕ್ಕೆ ಬ್ರಶ್ ಹೋಗಲ್ಲ, ಬಿಟ್ಟ ಕಡೆ ಗುಳಿ ಬೀಳುತ್ತೆ. ಕಾಂಕ್ರೀಟ್ ಮುಖಕ್ಕೆ ಚೆಲ್ಲಿದ್ದು ಒಣಗಿದ್ರೆ ಹೊಸ ಕಾಂಕ್ರೀಟ್ ಅಂಟಲ್ಲ. ಬಾಂಡಿಂಗ್ ಕೋಟ್‌ದೂ ಇದೇ ಕಥೆ. ಅಂಟಂಟಾಗಿರುವಾಗಲೇ ಮೇಲಿನದ್ದು ಬೀಳ್ಬೇಕು. ಶಟರ್ ಕಟ್ಟೋಕೆ ಮೂರು ಗಂಟೆ ಹಿಡಿದ್ರೆ ಅದು ಅಂಟು ಅಲ್ಲ, ಬಿಡಿಸೋ ಎಣ್ಣೆ. ಸುರಿಯೋ ಕೆಲಸಕ್ಕೆ ಒರಟು ಮುಖ, ನೆನೆಸಿದ ಮುಖ, ಅಷ್ಟೇ ಸಾಕು.

ಎ ಸಾಲಿನ ಸಣ್ಣಪುಟ್ಟ ಪ್ಯಾಚ್‌ಗೆ ಎಸ್‌ಬಿಆರ್ ಗಾರೆ ಧಾರಾಳವಾಗಿ ಹಾಕಿ. ಸಿಮೆಂಟ್ 50 ಕೆ.ಜಿ., ಮರಳು 150 ಕೆ.ಜಿ., ಎಸ್‌ಬಿಆರ್ 10 ಲೀ., ಬೇಕಾದಷ್ಟೇ ನೀರು. ಒಂದು ಪದರ 10–15 ಮಿ.ಮೀ. ದಾಟದ ಹಾಗೆ. ಪಿವಿಎ ಅಂಟು ತಂದುಕೊಟ್ರೆ ವಾಪಸ್ ಕಳಿಸಿ, ಒದ್ದೆಯಾದ ಕಡೆ ಅದು ಮತ್ತೆ ಹಾಲಾಗುತ್ತೆ.

ಪೀಣ್ಯ ಗ್ರೌಟ್

ಪಂಪ್ ಫೌಂಡೇಶನ್ ಬಗ್ಗೆ. ಯಾವ ಪಂಪ್, ಹೇಗೆ ಅದುರುತ್ತದೆ?

ಕಡಲತೀರ ಸಿವಿಲ್

ಸೆಂಟ್ರಿಫ್ಯೂಗಲ್, 37 ಕಿಲೋವ್ಯಾಟ್. ಬೇಸ್ ಪ್ಲೇಟ್ 1.5×0.7 ಮೀ. ಅಡಿಯ ಗ್ರೌಟ್ ಪುಡಿಯಾಗಿ, ಎಣ್ಣೆ ಹೀರಿ ಕಪ್ಪಾಗಿದೆ. ಎರಡು ಆಂಕರ್ ಬೋಲ್ಟ್ ಎಷ್ಟು ಬಿಗಿದರೂ ಸಡಿಲ ಆಗುತ್ತವೆ.

ಪೀಣ್ಯ ಗ್ರೌಟ್

ಸಿವಿಲ್‌ನವರು ಚಿಪ್ಪಿಂಗ್ ಶುರು ಮಾಡುವ ಮೊದಲು ಮೆಕ್ಯಾನಿಕಲ್‌ನವರಿಗೆ ಒಂದು ಕೆಲಸ ಹೇಳಿ. ಕಪ್ಲಿಂಗ್‌ಗೆ ಡಯಲ್ ಇಟ್ಟು ಪೈಪ್ ಫ್ಲ್ಯಾಂಜ್ ಬೋಲ್ಟ್ ಬಿಚ್ಚಲಿ. ಶಾಫ್ಟ್ 0.05 ಮಿ.ಮೀ.ಗಿಂತ ಹೆಚ್ಚು ಸರಿದರೆ ಪೈಪ್ ಪಂಪನ್ನು ಎಳೆಯುತ್ತಿದೆ. ಹಾಗಿದ್ದಾಗ ಎಷ್ಟೇ ಒಳ್ಳೆ ಗ್ರೌಟ್ ಹಾಕಿದರೂ ಆರು ತಿಂಗಳಲ್ಲಿ ಮತ್ತೆ ಪುಡಿ.

ಎಣ್ಣೆ ಹೀರಿದ ಕಾಂಕ್ರೀಟ್ ಸೋಪು ಹಾಕಿ ತೊಳೆದರೆ ಸ್ವಚ್ಛ ಆಗುವುದಿಲ್ಲ, ಮೇಲಷ್ಟೇ. ನೀರು ಚಿಮುಕಿಸಿ ನೋಡಿ. ಮಣಿಯಾಗಿ ನಿಂತರೆ ಇನ್ನೂ ಎಣ್ಣೆ ಇದೆ, ಹೀರಿದರೆ ನಿಲ್ಲಿಸಿ. ಸಾಮಾನ್ಯಕ್ಕೆ 25 ಮಿ.ಮೀ., ಎಣ್ಣೆ ಇಳಿದ ಕಡೆ 50–75 ಕೂಡ ಹೋಗಬೇಕಾಗುತ್ತದೆ.

ಬೋಲ್ಟ್ ಸಡಿಲ ಆಗಲು ಸಾಮಾನ್ಯ ಕಾರಣ ಅದರ ತೋಳಿಗೂ (ಬೋಲ್ಟ್ ಸುತ್ತಲಿನ ಸ್ಲೀವ್ ಪೈಪ್) ಗ್ರೌಟ್ ತುಂಬಿರುವುದು. ಬೋಲ್ಟ್ ಬಿಗಿದಾಗ ಹಿಗ್ಗಲು ಉದ್ದ ಬೇಕು. ಕುತ್ತಿಗೆವರೆಗೆ ಹಿಡಿದಿಟ್ಟರೆ ಹಿಗ್ಗುವ ಭಾಗ ಇಷ್ಟೇ ಇಷ್ಟು ಉಳಿದು, ಗ್ರೌಟ್ ಕೂದಲಷ್ಟು ಕುಸಿದರೂ ಬಿಗಿತ ಸೊನ್ನೆ. ತೋಳಿಗೆ ಫೋಮ್ ತುಂಬಿ, ಮೇಲೆ ಟೇಪ್ ಸುತ್ತಿ.

ಈ ಪಂಪ್‌ಗೆ ಸಿಮೆಂಟ್ ಆಧಾರಿತ ನಾನ್ ಶ್ರಿಂಕ್ ಗ್ರೌಟ್ ಸಾಕು. ಗ್ರೌಟ್ ದಪ್ಪ 50 ಮಿ.ಮೀ. ಆದರೆ 52 ಲೀಟರ್, 25 ಕೆ.ಜಿ.ಯ 5 ಚೀಲ; ಚಿಪ್ಪಿಂಗ್ ಆಳ ಹೋದರೆ ಇನ್ನೆರಡು. ಎಪಾಕ್ಸಿ ಗ್ರೌಟ್ ರೆಸಿಪ್ರೊಕೇಟಿಂಗ್ ಕಂಪ್ರೆಸರ್‌ಗೋ, ಆಸಿಡ್, ಎಣ್ಣೆ ಸುರಿಯುವ ಕಡೆಗೋ ಇರಲಿ. ಎರಡರ ತಯಾರಿ ತದ್ವಿರುದ್ಧ: ಸಿಮೆಂಟ್ ಗ್ರೌಟ್‌ಗೆ 24 ಗಂಟೆ ನೆನೆಸಬೇಕು, ಎಪಾಕ್ಸಿಗೆ ಎಲುಬಿನಂತೆ ಒಣಗಿರಬೇಕು. ಒಂದೇ ತಂಡ ಎರಡೂ ಮಾಡುವಾಗ ಇದು ಅದಲುಬದಲಾಗುತ್ತದೆ.

ಒಂದೇ ಉದ್ದ ಬದಿಯಿಂದ ಸುರಿಯಿರಿ, ಎದುರು ಬದಿಯಲ್ಲಿ ಏರುವ ತನಕ ನಿಲ್ಲಿಸಬೇಡಿ. ಎರಡು ಕಡೆಯಿಂದ ಸುರಿದರೆ ಮಧ್ಯೆ ಗಾಳಿ ಸಿಕ್ಕಿಬೀಳುತ್ತದೆ. ಬೇಸ್ ಪ್ಲೇಟ್‌ನಲ್ಲಿ ಗಾಳಿ ತೂತು ಇಲ್ಲದಿದ್ದರೆ ಮೂಲೆಗಳಲ್ಲಿ 12 ಮಿ.ಮೀ. ತೂತು ಕೊರೆಯಿರಿ. ಲೆವೆಲಿಂಗ್ ಸ್ಕ್ರೂಗೆ ಗ್ರೀಸ್ ಸವರಿ, ಗ್ರೌಟ್ ಗಟ್ಟಿಯಾದ ಮೇಲೆ ಸ್ಕ್ರೂ ಹಿಂದಕ್ಕೆ ತಿರುಗಿಸಿ. ಬಿಟ್ಟರೆ ಭಾರವೆಲ್ಲ ಆ ನಾಲ್ಕು ಸ್ಕ್ರೂ ಮೇಲೆಯೇ. ಮೂರನೇ ದಿನ ಪ್ಲೇಟ್ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿ. ಟೊಳ್ಳು ಸದ್ದು ಬಂದ ಕಡೆ ಎರಡು ತೂತು ಕೊರೆದು, ಒಂದರಲ್ಲಿ ಎಪಾಕ್ಸಿ ಒತ್ತಿ, ಇನ್ನೊಂದರಲ್ಲಿ ಹೊರಬರುವ ತನಕ ಬಿಡಬೇಡಿ.

ಗೋಣಿಚೀಲ

ಪಿಟ್‌ಗೆ ಚುಟುಕಾಗಿ. ಒಸರುವ ಬಿರುಕಿಗೆ ಪಾಲಿಯುರೆಥೇನ್ ಇಂಜೆಕ್ಷನ್. ಒದ್ದೆ ಬಿರುಕಿಗೆ ಸಾದಾ ಎಪಾಕ್ಸಿ ಸರಿ ಅಂಟದು, ಬಿರುಕು ಉಸಿರಾಡುತ್ತಿದ್ದರೆ (ತೆರೆದು ಮುಚ್ಚುತ್ತಿದ್ದರೆ) ಅದರ ಪಕ್ಕ ಇನ್ನೊಂದು ಸೀಳು. ಗೋಡೆ 250 ಮಿ.ಮೀ. ಆದರೆ ಬಿರುಕಿನಿಂದ 125 ದೂರದಲ್ಲಿ 45 ಡಿಗ್ರಿಗೆ ಕೊರೆದರೆ ಗೋಡೆಯ ಮಧ್ಯದಲ್ಲಿ ಬಿರುಕು ಸಿಗುತ್ತದೆ. ಎಡ ಬಲ ಒಂದಾದ ಮೇಲೊಂದು, 125–150 ಅಂತರ. ಕೆಳಗಿನ ಪ್ಯಾಕರ್‌ನಿಂದ (ತೂತಿಗೆ ಬಿಗಿಯುವ ಇಂಜೆಕ್ಷನ್ ನಳಿಕೆ) ಶುರು, ಮೇಲಿನದರಲ್ಲಿ ರಾಳ ಹೊರಬಂದಾಗ ಅಲ್ಲಿಗೆ ಹೋಗಿ. ನೀರು ಚಿಮ್ಮುತ್ತಿದ್ದರೆ ಮೊದಲು ಹೈಡ್ರೋಫೋಬಿಕ್ (ನೀರು ಹೀರದ) ಫೋಮ್, ನಿಂತ ಮೇಲೆ ರಾಳ.

ಪಿಟ್ ಒಳಗೆ ಇಳಿಯುವುದಿದ್ದರೆ ಗ್ಯಾಸ್ ಮೀಟರ್ ಇಳಿಸದೆ ಯಾರನ್ನೂ ಇಳಿಸಬೇಡಿ. ಆಮ್ಲಜನಕ 19.5 ಶೇಕಡಾಗಿಂತ ಕಡಿಮೆ ಇರಕೂಡದು, ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ ಮುಟ್ಟಬಾರದು. ಕೆಸರು ಕಲಕಿದಾಗ ಅದು ಒಮ್ಮೆಲೇ ಏಳುತ್ತದೆ, ಆದ್ದರಿಂದ ಬೆಳಿಗ್ಗೆ ಒಂದು ಸಲ ಅಳೆದರೆ ಸಾಲದು. ಬ್ಲೋವರ್ ಓಡುತ್ತಿರಲಿ, ಹಗ್ಗ ಹಿಡಿದವನು ಮೇಲೆಯೇ ಇರಲಿ.

ಕಡಲತೀರ ಸಿವಿಲ್

ಕೊನೆಯ ಎರಡು ಪ್ರಶ್ನೆ. ಟ್ರೆಸಲ್ ಯಾವಾಗ ತೆಗೆಯಬಹುದು? ಕಾಲಂಗೆ ಮೇಲೆ ಎಪಾಕ್ಸಿ ಪೇಂಟ್ ಹೊಡೆಯಬಹುದೇ?

ಸ್ಟ್ರಕ್ಚರಲ್ ಲೆಕ್ಕ

ದಿನ ನೋಡಿ ಅಲ್ಲ, ಕ್ಯೂಬ್ ನೋಡಿ. ಪ್ರತಿ ಕಾಲಂಗೆ 100 ಮಿ.ಮೀ.ಯ 6 ಕ್ಯೂಬ್ (ಅದೇ ಮಿಶ್ರಣದ ಪರೀಕ್ಷಾ ಘನ) ಹಿಡಿದು, ಮೂರನ್ನು 7ನೇ ದಿನ ಒಡೆಯಿರಿ. ಡಿಸೈನರ್ ಬರೆದ ಅಂಕಿ ಬಂದರೆ ಜಾಕಿಯನ್ನು ಸ್ವಲ್ಪಸ್ವಲ್ಪವಾಗಿ, ಎರಡು ಬದಿ ಸಮನಾಗಿ, ಅರ್ಧ ದಿನದಲ್ಲಿ ಇಳಿಸಿ. ಡಯಲ್ ಗೇಜ್ ಅಲ್ಲಿಯವರೆಗೂ ಇರಲಿ. ಮೇಲಿನ ಟ್ಯಾಂಕ್ ತುಂಬುವುದು ಅದಾದ ಮೇಲೆ.

ಕರಣೆ

ಪೇಂಟ್: ಬುಡ 300 ಮಿ.ಮೀ. ತನಕ ಎಪಾಕ್ಸಿ, ಮೇಲೆ ಅಕ್ರಿಲಿಕ್ ಆಧಾರಿತ, ಉಸಿರಾಡೋ ಕೋಟಿಂಗ್. ಪೂರ್ತಿ ಎಪಾಕ್ಸಿ ಹೊಡೆದ್ರೆ ಒಳಗಿನ ತೇವ ಹೊರಹೋಗೋಕೆ ದಾರಿ ಇಲ್ದೆ ಗುಳ್ಳೆ ಏಳುತ್ತೆ. ಹೊಡೆಯೋ ಮೊದಲು 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಟೇಪ್ ಮಾಡಿ 16 ಗಂಟೆ ಬಿಡಿ. ಹಿಂದೆ ಹನಿ ಕೂತಿದ್ರೆ ಕಾಯಿರಿ. ಕಾಂಕ್ರೀಟ್ ಮೇಲ್ಮೈ ಉಷ್ಣತೆ ಇಬ್ಬನಿ ಬಿಂದುವಿಗಿಂತ 3 ಡಿಗ್ರಿ ಮೇಲಿರಬೇಕು, ಮೇ ತಿಂಗಳಲ್ಲಿ ಕರಾವಳಿಯ ಬೆಳಿಗ್ಗೆ ಅದು ಸಿಗೋದು ಕಷ್ಟ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ ಹೊಡೀರಿ. ಕಾಲಂ ಸುತ್ತ 150 ಮಿ.ಮೀ. ಎತ್ತರದ ಕಟ್ಟೆ ಕಟ್ಟಿ, ತಲೆ ಹೊರಕ್ಕೆ ಇಳಿಜಾರು. ಇಲ್ಲಾಂದ್ರೆ ನೆಲ ತೊಳೆದ ನೀರು ಮತ್ತೆ ಅಲ್ಲೇ ನಿಲ್ಲುತ್ತೆ.

ಟೆಸ್ಟ್ ಸುತ್ತಿಗೆ

ಬಿ4, ಬಿ6, ಬಿ8 ಮೇ ತಿಂಗಳವರೆಗೆ ಕಾಯಬೇಕಲ್ಲ, ಅವುಗಳ ಸಡಿಲ ಕವರ್ ಈಗಲೇ ಉದುರಿಸಿ, ಕೆಳಗೆ ಜನ ಓಡಾಡುತ್ತಾರೆ. ಬ್ರೈನ್ ಪೈಪ್ ಮಾತ್ರ ಏಪ್ರಿಲ್‌ಗೂ ಕಾಯದೆ ಈ ವಾರವೇ ಹಾಕಿಸಿಬಿಡಿ.

ಕಡಲತೀರ ಸಿವಿಲ್

ಪೈಪ್‌ಗೆ ಇಂಡೆಂಟ್ (ಖರೀದಿ ಬೇಡಿಕೆ) ಹಾಕಿದೆ, 63 ಮಿ.ಮೀ. ಎಚ್‌ಡಿಪಿಇ, 48 ಮೀಟರ್. ಬಿ5ರ ಬುಡ ಸೋಮವಾರ ಅಗೆಸುತ್ತೇನೆ, ಪೆಡೆಸ್ಟಲ್ ಕಂಬಿಯ ಅಳತೆ ಇಲ್ಲೇ ಹಾಕುತ್ತೇನೆ.